ಗಾಂಜಾ ತೆರಿಗೆ: ಕ್ಯಾಲಿಫೋರ್ನಿಯಾ ಎಡವಿದ್ದು ಎಲ್ಲಿ?

ಮೊದಲು ಒಂದು ಬಿಲ್ಲು ನೋಡೋಣ. ಲಾಸ್ ಏಂಜಲೀಸ್ ನಗರದಲ್ಲಿ ಲೈಸೆನ್ಸ್ ಇರುವ ಒಂದು ಗಾಂಜಾ ಅಂಗಡಿ. ಗಿರಾಕಿ 100 ಡಾಲರ್‌ ಬೆಲೆಯ ಸರಕು ತೆಗೆದುಕೊಂಡ ಅಂತ ಇಟ್ಟುಕೊಳ್ಳಿ. ಅದರ ಮೇಲೆ ನಗರದ ವ್ಯಾಪಾರ ತೆರಿಗೆ ಶೇ 10. ಅಲ್ಲಿಗೆ 110 ಆಯಿತು. ಈ 110ರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಶೇ 15, ಅಂದರೆ 16.50. ಮೊತ್ತ 126.50. ಈಗ ಈ ಇಡೀ ಮೊತ್ತದ ಮೇಲೆ ಮಾರಾಟ ತೆರಿಗೆ, ಶೇ 9.75. ಕೊನೆಗೆ ಜೇಬಿನಿಂದ ಹೋಗುವುದು ಹೆಚ್ಚುಕಮ್ಮಿ 139 ಡಾಲರ್. ತೆರಿಗೆಯ ಮೇಲೆ ತೆರಿಗೆ, ಅದರ ಮೇಲೆ ಮತ್ತೊಂದು ತೆರಿಗೆ. ಅದೇ ಊರಲ್ಲಿ ಲೈಸೆನ್ಸ್ ಇಲ್ಲದೆ ಮಾರುವವನ ಹತ್ತಿರ ಹೋದರೆ ಈ 39 ಡಾಲರ್ ಇಲ್ಲವೇ ಇಲ್ಲ. ಅವನು ಲ್ಯಾಬ್ ಪರೀಕ್ಷೆಗೂ ಖರ್ಚು ಮಾಡಿರುವುದಿಲ್ಲ, ಹಾಗಾಗಿ ಮೂಲ ಬೆಲೆಯೂ ಕಡಿಮೆ.

ಈ 39 ಡಾಲರ್ ಸುತ್ತ ಕ್ಯಾಲಿಫೋರ್ನಿಯಾದಲ್ಲಿ ವರ್ಷಗಳಿಂದ ಜಗಳ ನಡೆದಿದೆ. ತೆರಿಗೆ ವಿಪರೀತವಾಗಿದೆ, ಕಾಳಸಂತೆ ಗೆಲ್ಲುತ್ತಿದೆ ಅಂತ ವ್ಯಾಪಾರಿಗಳು ಹೇಳುತ್ತಾರೆ. ತೆರಿಗೆ ಇಳಿಸಿದರೆ ಬಡ ಮಕ್ಕಳ ಪಾಲನೆಗೆ ಬರುವ ಹಣ ನಿಲ್ಲುತ್ತದೆ ಅಂತ ಮಕ್ಕಳ ಸಂಸ್ಥೆಗಳು ಹೇಳುತ್ತವೆ. ಗಾಂಜಾ ಅಗ್ಗವಾದಷ್ಟೂ ಸೇದುವವರು ಜಾಸ್ತಿ ಸೇದುತ್ತಾರೆ ಅನ್ನೋದು ಸಾರ್ವಜನಿಕ ಆರೋಗ್ಯದವರ ಮಾತು. ಮೂವರ ಮಾತಿನಲ್ಲೂ ನಿಜ ಇದೆ. ಆದರೆ ಮೂವರೂ ಶೇ 15 ಇರಬೇಕೋ ಶೇ 19 ಇರಬೇಕೋ ಅಂತ ದರದ ಬಗ್ಗೆ ಕಿತ್ತಾಡುತ್ತಿದ್ದಾರೆ. ಯಾವುದರ ಮೇಲೆ ತೆರಿಗೆ ಹಾಕಬೇಕು ಅನ್ನುವ ಪ್ರಶ್ನೆ ಹಿಂದೆ ಸರಿದುಬಿಟ್ಟಿದೆ. ನನ್ನ ಪ್ರಕಾರ ತಪ್ಪಿರುವುದು ಅಲ್ಲೇ. ಬೆಲೆಯ ಮೇಲೆ ಹಾಕಿದರೂ ತಪ್ಪಿತು, ತೂಕದ ಮೇಲೆ ಹಾಕಿದರೂ ತಪ್ಪಿತು. ಹಾಕಬೇಕಿದ್ದದ್ದು ನಶೆಯ ಪ್ರಮಾಣದ ಮೇಲೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಯಾಲಿಫೋರ್ನಿಯಾ 1996ರಲ್ಲೇ ಔಷಧಿ ಅಂತ ಗಾಂಜಾ ಬಳಸಲು ಒಪ್ಪಿಗೆ ಕೊಟ್ಟಿತ್ತು. 2016ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ, ಪ್ರೊಪೊಸಿಷನ್ 64 ಅನ್ನುವ ಕಾನೂನಿನ ಮೂಲಕ, 21 ದಾಟಿದ ಯಾರಾದರೂ ಕೊಳ್ಳಬಹುದು ಅಂತ ಮಾಡಿದರು. 2018ರ ಜನವರಿ 1ರಿಂದ ಅಂಗಡಿಗಳು ತೆರೆದವು. ಮತದಾರರಿಗೆ ಕೊಟ್ಟ ಸರ್ಕಾರಿ ಕೈಪಿಡಿಯಲ್ಲೇ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಮೀರಿ ವರಮಾನ ಬರಬಹುದು ಅಂತ ಬರೆದಿತ್ತು. ಹಣ ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಕಾನೂನಿನಲ್ಲೇ ಕಟ್ಟಿಹಾಕಿದರು. ನಿಯಂತ್ರಣದ ಖರ್ಚು, ಸಂಶೋಧನೆ, ಹಿಂದೆ ಗಾಂಜಾ ಕೇಸುಗಳಿಂದ ನಲುಗಿದ ಬಡಾವಣೆಗಳಿಗೆ ಅನುದಾನ, ಇಷ್ಟನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಶೇ 60 ಮಕ್ಕಳು ಮತ್ತು ಯುವಕರ ಕಾರ್ಯಕ್ರಮಗಳಿಗೆ, ಶೇ 20 ಪರಿಸರಕ್ಕೆ, ಶೇ 20 ಪೊಲೀಸ್ ಮತ್ತು ರಸ್ತೆ ಸುರಕ್ಷತೆಗೆ.

ತೆರಿಗೆ ಎರಡು ಬಗೆಯದ್ದಿತ್ತು. ಅಂಗಡಿಯಲ್ಲಿ ಶೇ 15 ಅಬಕಾರಿ ತೆರಿಗೆ ಒಂದು. ಬೆಳೆಗಾರನ ಮೇಲೆ ತೂಕದ ತೆರಿಗೆ ಇನ್ನೊಂದು. ಒಣಗಿದ ಹೂವಿಗೆ ಔನ್ಸ್‌ಗೆ 9.25 ಡಾಲರ್. ಹಣದುಬ್ಬರಕ್ಕೆ ತಕ್ಕಂತೆ ಏರುತ್ತಾ ಏರುತ್ತಾ 2022ರ ಹೊತ್ತಿಗೆ ಇದು 10.08 ಡಾಲರ್ ಆಯಿತು. ಒಂದು ಪೌಂಡಿಗೆ ಲೆಕ್ಕ ಹಾಕಿದರೆ 161 ಡಾಲರ್. ನಮ್ಮ ಲೆಕ್ಕದಲ್ಲಿ ಪೌಂಡ್ ಅಂದರೆ ಅರ್ಧ ಕೆಜಿಗೂ ಕಡಿಮೆ.

ಈ 161 ಡಾಲರ್ ಏನು ಮಾಡಿತು ಅಂತ ನೋಡಬೇಕಾದರೆ ರಾಜ್ಯದ ಉತ್ತರಕ್ಕೆ, ಹಂಬೋಲ್ಟ್ ಕೌಂಟಿಗೆ ಹೋಗಬೇಕು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ, ಈ ಮೂರು ಗುಡ್ಡಗಾಡು ಕೌಂಟಿಗಳನ್ನು ಒಟ್ಟಿಗೆ ಎಮರಾಲ್ಡ್ ಟ್ರಯಾಂಗಲ್ ಅನ್ನುತ್ತಾರೆ. ದಶಕಗಳ ಕಾಲ ಕದ್ದುಮುಚ್ಚಿ ಗಾಂಜಾ ಬೆಳೆದ ಸೀಮೆ ಅದು. ಕಾನೂನು ಬಂದಾಗ ಅಲ್ಲಿನ ಎಷ್ಟೋ ಸಣ್ಣ ರೈತರು ಸಾಲ ಮಾಡಿ, ಲೈಸೆನ್ಸ್ ತೆಗೆದುಕೊಂಡು, ನೀರಿನ ತೊಟ್ಟಿ ಕಟ್ಟಿಸಿ, ರಸ್ತೆ ಸರಿಮಾಡಿಸಿಕೊಂಡು ಬೆಳಕಿಗೆ ಬಂದರು. ಬಯಲಲ್ಲಿ ಬೆಳೆದ ಹೂವಿಗೆ ಆಗ ಪೌಂಡಿಗೆ ಸಾವಿರ ಡಾಲರ್ ಸಿಗುತ್ತಿತ್ತು. ಅಷ್ಟು ಬೆಲೆ ಇದ್ದಾಗ 161 ಅಷ್ಟೇನೂ ಭಾರ ಅನಿಸುವುದಿಲ್ಲ. 2021ರಲ್ಲಿ ಮಾರುಕಟ್ಟೆಗೆ ಸರಕು ಸುರಿಯಿತು. ಬೆಲೆ ಕೆಲವೇ ನೂರು ಡಾಲರ್‌ಗೆ ಬಿತ್ತು. ತೆರಿಗೆ ಮಾತ್ರ ಇಳಿಯಲಿಲ್ಲ. ಟೊಮ್ಯಾಟೊ ಬೆಲೆ ಬಿದ್ದು ಬೆಳೆಗಾರ ರಸ್ತೆಗೆ ಸುರಿಯುವ ದಿನವೂ ಎಪಿಎಂಸಿಯವರು ಒಳ್ಳೆಯ ಬೆಲೆ ಇದ್ದಾಗಿನ ಸೆಸ್ಸನ್ನೇ ಕ್ರೇಟಿನ ಲೆಕ್ಕದಲ್ಲಿ ಕೇಳಿದರೆ ಹೇಗಿರುತ್ತದೆ, ಹಾಗಾಯಿತು. ಮೇಲಿಂದ ಕೌಂಟಿಯ ತೆರಿಗೆ ಬೇರೆ. ಅದು ಚದರ ಅಡಿ ಲೆಕ್ಕ. ಬಯಲಾದರೆ ಅಡಿಗೆ 1 ಡಾಲರ್, ಹಸಿರುಮನೆಗೆ 2, ಪೂರ್ತಿ ಒಳಾಂಗಣಕ್ಕೆ 3. ಬೆಳೆ ಮಾರಾಟವಾದರೂ ಕಟ್ಟಬೇಕು, ಆಗದಿದ್ದರೂ ಕಟ್ಟಬೇಕು. ಕೊನೆಗೆ 2022ರಲ್ಲಿ ಕೌಂಟಿಯೇ ಮನಸ್ಸು ಕರಗಿ ಹಿಂದಿನ ವರ್ಷದ ಬೇಡಿಕೆಯನ್ನು ಶೇ 85ರಷ್ಟು ಇಳಿಸಿತು. ಅಷ್ಟರಲ್ಲಿ ಬಹಳ ಮಂದಿ ಕೈಚೆಲ್ಲಿದ್ದರು. ದೊಡ್ಡ ಬಂಡವಾಳದ ಹಸಿರುಮನೆಗಳು ಉಳಿದವು.

ನನಗೆ ಈ ಭಾಗ ಓದುವಾಗಲೆಲ್ಲ ಬೇಜಾರಾಗುತ್ತದೆ. ಕಾನೂನಿನ ಮಾತು ನಂಬಿ ಮೊದಲು ಹೊರಗೆ ಬಂದವರೇ ಮೊದಲು ಮುಳುಗಿದರು. ಕತ್ತಲಲ್ಲೇ ಉಳಿದವರಿಗೆ 161 ಡಾಲರ್‌ನ ಗೊಡವೆಯೇ ಇರಲಿಲ್ಲ.

2022ರ ಜುಲೈ 1ರಿಂದ ರಾಜ್ಯ ಈ ತೂಕದ ತೆರಿಗೆಯನ್ನು ತೆಗೆದುಹಾಕಿತು. ಆದರೆ ತೆಗೆದ ಕಾನೂನಿನಲ್ಲೇ ಒಂದು ಕೊಕ್ಕೆ ಇತ್ತು. ಹೋದ ವರಮಾನ ತುಂಬಿಕೊಳ್ಳಲು ಮೂರು ವರ್ಷದ ನಂತರ ಅಬಕಾರಿ ತೆರಿಗೆಯನ್ನು ಶೇ 19ರವರೆಗೆ ಏರಿಸಬಹುದು ಅಂತ. ಅದರಂತೆ 2025ರ ಜುಲೈ 1ಕ್ಕೆ ಶೇ 19 ಆಯಿತು. ಗಲಾಟೆ ಎದ್ದಿತು. ಗವರ್ನರ್ ಗ್ಯಾವಿನ್ ನ್ಯೂಸಮ್ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಮಸೂದೆಗೆ ಸಹಿ ಹಾಕಿದರು. ಅಕ್ಟೋಬರ್ 1ರಿಂದ ಮತ್ತೆ ಶೇ 15. ಇದು 2028ರ ಜೂನ್ ಕೊನೆಯ ತನಕ ಮಾತ್ರ. ಮೂರು ತಿಂಗಳಲ್ಲಿ ಎರಡು ಸಲ ದರ ಬದಲಾದರೆ ಅಂಗಡಿ ನಡೆಸುವವನು ಏನು ಲೆಕ್ಕ ಹಾಕಬೇಕು, ಹೇಳಿ.

ಈ ಇಳಿಕೆಯನ್ನು ವಿರೋಧಿಸಿದವರಲ್ಲಿ ಮುಂದೆ ನಿಂತವರು ಮಕ್ಕಳ ಪಾಲನಾ ಸಂಸ್ಥೆಗಳು ಮತ್ತು ಪರಿಸರದವರು. ಅವರ ಸಿಟ್ಟು ಅರ್ಥವಾಗುತ್ತದೆ. ಆ ಹಣದಲ್ಲಿ ಕೂಲಿ ಮಾಡುವ ತಾಯಂದಿರ ಮಕ್ಕಳಿಗೆ ಪಾಲನಾ ಕೇಂದ್ರದಲ್ಲಿ ಜಾಗ ಸಿಗುತ್ತಿತ್ತು. ಆದರೆ ಆ ಹಣ ಯಾರ ಜೇಬಿನದು ಅಂತಲೂ ಕೇಳಬೇಕಲ್ವಾ? ಕೊಲರಾಡೊ ರಾಜ್ಯ 2014ರಲ್ಲಿ ಮಾಡಿಸಿದ ಅಧ್ಯಯನದಲ್ಲಿ, ಸೇದುವವರಲ್ಲಿ ಐದನೇ ಒಂದು ಪಾಲಿಗಿಂತ ತುಸು ಹೆಚ್ಚಿನ ಜನ, ಅಂದರೆ ದಿನಾ ಅಥವಾ ಹೆಚ್ಚುಕಮ್ಮಿ ದಿನಾ ಸೇದುವವರು, ಒಟ್ಟು ಸರಕಿನ ಮೂರರಲ್ಲಿ ಎರಡು ಪಾಲು ಮುಗಿಸುತ್ತಾರೆ ಅಂತ ಕಂಡುಬಂತು. ವಾರಕ್ಕೋ ತಿಂಗಳಿಗೋ ಒಮ್ಮೆ ಸೇದುವವರಿಂದ ಬರುವ ತೆರಿಗೆ ಅಲ್ಪ. ಖಜಾನೆ ತುಂಬಿಸುವವರು ಬಿಡಲಾರದೆ ಸೇದುವವರು. ಅವರು ಸೇದುವುದು ಕಡಿಮೆ ಮಾಡಿದರೆ ಆರೋಗ್ಯ ಇಲಾಖೆಗೆ ಗೆಲುವು, ಮಕ್ಕಳ ಕೇಂದ್ರಕ್ಕೆ ನಷ್ಟ. ಇಂಥ ಗಂಟು ಹಾಕಲೇಬಾರದಿತ್ತು. ಮಕ್ಕಳ ಪಾಲನೆಗೆ ಹಣ ಬೇಕು ನಿಜ, ಅದು ಸಾಮಾನ್ಯ ಬಜೆಟ್‌ನಿಂದ ಬರಬೇಕು. ಗಾಂಜಾ ಹಣ ಚಟ ಬಿಡಿಸುವ ಚಿಕಿತ್ಸೆಗೆ, ಲ್ಯಾಬ್ ತಪಾಸಣೆಗೆ ಹೋದರೆ ಆಗ ಸೇದುವುದು ಕಡಿಮೆಯಾದಾಗ ಖರ್ಚೂ ಕಡಿಮೆಯಾಗುತ್ತದೆ.

ಇದರ ಜೊತೆ ಈ ವರಮಾನ ನೆಚ್ಚಿಕೊಳ್ಳುವಂಥದ್ದೂ ಅಲ್ಲ. ಕೊಲರಾಡೊದಲ್ಲಿ 2021ರಲ್ಲಿ ತೆರಿಗೆ 42 ಕೋಟಿ ಡಾಲರ್ ದಾಟಿತ್ತು. ಎರಡೇ ವರ್ಷದಲ್ಲಿ ಅದು 27 ಕೋಟಿಯ ಆಸುಪಾಸಿಗೆ ಇಳಿಯಿತು. ಜನ ಸೇದುವುದು ಬಿಟ್ಟರು ಅಂತಲ್ಲ. ಕೋವಿಡ್ ಕಾಲದ ಖರೀದಿ ಇಳಿಯಿತು, ಅಕ್ಕಪಕ್ಕದ ರಾಜ್ಯಗಳಲ್ಲೂ ಅಂಗಡಿ ತೆರೆದವು, ಮುಖ್ಯವಾಗಿ ಬೆಲೆ ಬಿತ್ತು. ತೆರಿಗೆ ಬೆಲೆಯ ಶೇಕಡಾ ಲೆಕ್ಕದಲ್ಲಿ ಇದ್ದರೆ ಬೆಲೆ ಬಿದ್ದಾಗ ತೆರಿಗೆಯೂ ಬೀಳುತ್ತದೆ. ಹಾಗೆ ನೋಡಿದರೆ ಸರಕು ಅಗ್ಗವಾದಾಗಲೇ ತೆರಿಗೆಯ ತಡೆ ಹೆಚ್ಚು ಬೇಕು. ಸಿಗುವುದು ಉಲ್ಟಾ.

ಕಾಳಸಂತೆಯ ವಿಷಯಕ್ಕೆ ಬರೋಣ. ರಾಜ್ಯದ ಗಾಂಜಾ ಇಲಾಖೆಯೇ ಮಾಡಿಸಿ 2025ರಲ್ಲಿ ಹೊರತಂದ ವರದಿಯ ಪ್ರಕಾರ ಕ್ಯಾಲಿಫೋರ್ನಿಯಾದ ಜನ ಬಳಸುವ ಗಾಂಜಾದಲ್ಲಿ ಲೈಸೆನ್ಸ್ ಅಂಗಡಿಯದ್ದು ಸುಮಾರು ಶೇ 38 ಮಾತ್ರ. ಕಾನೂನುಬದ್ಧವಾಗಿ ಬೆಳೆದದ್ದು 14 ಲಕ್ಷ ಪೌಂಡ್, ಲೈಸೆನ್ಸ್ ಇಲ್ಲದೆ ಬೆಳೆದದ್ದು 1.14 ಕೋಟಿ ಪೌಂಡ್. ಇದರಲ್ಲಿ ಬಹುಪಾಲು ಬೇರೆ ರಾಜ್ಯಗಳಿಗೆ ಕದ್ದು ಹೋಗುತ್ತದೆ. ಎಂಟು ವರ್ಷ ಆದಮೇಲೂ ಹೀಗೆ ಅಂದರೆ ತೆರಿಗೆ ಒಂದನ್ನೇ ದೂರುವುದು ಸರಿಯಲ್ಲ. ರಾಜ್ಯದ ಅರ್ಧಕ್ಕೂ ಹೆಚ್ಚು ನಗರ ಮತ್ತು ಕೌಂಟಿಗಳು ತಮ್ಮಲ್ಲಿ ಗಾಂಜಾ ಅಂಗಡಿಯೇ ಬೇಡ ಅಂದಿವೆ. ಕಾನೂನು ಅವರಿಗೆ ಆ ಹಕ್ಕು ಕೊಟ್ಟಿದೆ. ಅಂಗಡಿಗಾಗಿ ತುಂಬಾ ದೂರ ಕಾರು ಓಡಿಸಬೇಕಾದ ಊರಲ್ಲಿ ಮನೆ ಬಾಗಿಲಿಗೆ ಬರುವ ಮಾರಾಟಗಾರನೇ ಗೆಲ್ಲುತ್ತಾನೆ, ತೆರಿಗೆ ಎಷ್ಟೇ ಇರಲಿ. ವ್ಯಾಪಾರಿಗಳ ಸಂಘಗಳು ತೆರಿಗೆ ಇಳಿಸಿದರೆ ಸಾಕು ಕಾಳಸಂತೆ ಹೋಗುತ್ತದೆ ಅನ್ನುವುದನ್ನು ನಾನು ಅದಕ್ಕೇ ಪೂರ್ತಿ ಒಪ್ಪುವುದಿಲ್ಲ.

ಆದರೆ ಕಾಳಸಂತೆ ಇದ್ದರೆ ಏನಂತೆ ಅಂತ ಬಿಡುವ ಹಾಗೂ ಇಲ್ಲ. ಅದು ನೇರ ಆರೋಗ್ಯದ ಪ್ರಶ್ನೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದ ಯುವಕರು ಉಸಿರಾಡಲಾಗದೆ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು, ಇಲ್ಲವೇ ಜೀವ ಕಳೆದುಕೊಂಡಿದ್ದರು. ಸತ್ತವರು 68. ಕಾರಣ ಹುಡುಕಿದಾಗ ಸಿಕ್ಕಿದ್ದು ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆ. ಗಾಂಜಾ ಎಣ್ಣೆ ಗಟ್ಟಿಯಾಗಿ ಕಾಣಲಿ ಅಂತ ಕದ್ದು ಮಾರುವವರು ಬೆರೆಸುತ್ತಿದ್ದರು. ಚರ್ಮಕ್ಕೆ ಹಚ್ಚಿದರೆ ಏನೂ ಆಗದ ಪದಾರ್ಥ, ಬಿಸಿಯಾಗಿ ಶ್ವಾಸಕೋಶಕ್ಕೆ ಹೋದಾಗ ಪ್ರಾಣ ತೆಗೆಯಿತು. ಪರೀಕ್ಷೆಯಾದ ಸರಕಿಗೂ ಪರೀಕ್ಷೆಯಾಗದ ಸರಕಿಗೂ ಇರುವ ಅಂತರ ಇದು. ಹಾಗಾಗಿ ತೆರಿಗೆ ಜನರನ್ನು ಎರಡನೆಯದರ ಕಡೆಗೆ ದೂಡುವಷ್ಟು ಭಾರ ಆಗಬಾರದು.

ಇನ್ನೊಂದು ತೆರಿಗೆ ಇದೆ, ಅದು ಬಿಲ್ಲಿನಲ್ಲಿ ಕಾಣುವುದಿಲ್ಲ. ರಾಜ್ಯ ಒಪ್ಪಿದರೂ ಅಮೆರಿಕದ ಕೇಂದ್ರ ಸರ್ಕಾರ 1970ರಲ್ಲೇ ಗಾಂಜಾವನ್ನು ಹೆರಾಯಿನ್ ಜೊತೆಗೆ ಮಾದಕ ವಸ್ತುಗಳ ಮೊದಲ ಪಟ್ಟಿಗೆ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. 1981ರಲ್ಲಿ ಮಿನಿಯಾಪೊಲಿಸ್‌ನ ಒಬ್ಬ ಮಾದಕ ವಸ್ತು ಮಾರಾಟಗಾರ ತನ್ನ ಬಾಡಿಗೆ, ಫೋನು, ತಕ್ಕಡಿ, ಕಾರಿನ ಖರ್ಚನ್ನು ಆದಾಯದಿಂದ ಕಳೆಯಬೇಕು ಅಂತ ತೆರಿಗೆ ನ್ಯಾಯಾಲಯದಲ್ಲಿ ವಾದಿಸಿ ಗೆದ್ದುಬಿಟ್ಟ. ಸಂಸತ್ತಿಗೆ ಸಿಟ್ಟು ಬಂತು. ಮರುವರ್ಷವೇ 280ಇ ಅನ್ನುವ ಕಲಮು ಸೇರಿಸಿದರು. ಮೊದಲ ಎರಡು ಪಟ್ಟಿಗಳಲ್ಲಿರುವ ವಸ್ತು ಮಾರುವವರು ಸರಕು ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಆದಾಯದಿಂದ ಕಳೆಯುವಂತಿಲ್ಲ. ಇವತ್ತು ಈ ಕಲಮು ಲೈಸೆನ್ಸ್ ತೆಗೆದುಕೊಂಡು ನ್ಯಾಯವಾಗಿ ವ್ಯಾಪಾರ ಮಾಡುವವರಿಗೆ ಸುತ್ತಿಕೊಂಡಿದೆ.

ಒಂದು ಲೆಕ್ಕ ಮಾಡಿ ನೋಡಿ. ಒಬ್ಬನ ವಹಿವಾಟು 10 ಲಕ್ಷ ಡಾಲರ್. ಸರಕಿಗೆ 6 ಲಕ್ಷ. ಸಂಬಳ, ಬಾಡಿಗೆ, ಕಾವಲು, ಕರೆಂಟು ಸೇರಿ 3 ಲಕ್ಷ. ಕೈಯಲ್ಲಿ ಉಳಿಯುವುದು 1 ಲಕ್ಷ. ಬಟ್ಟೆ ಅಂಗಡಿಯ ಕಂಪನಿಯಾಗಿದ್ದರೆ ಶೇ 21ರಂತೆ 21 ಸಾವಿರ ಕಟ್ಟಬೇಕು. ಗಾಂಜಾ ಅಂಗಡಿಯಾದರೆ 4 ಲಕ್ಷದ ಮೇಲೆ ಶೇ 21, ಅಂದರೆ 84 ಸಾವಿರ. ನಿಜವಾದ ಲಾಭದಲ್ಲಿ ಶೇ 84 ಹೋಯಿತು. ಇದನ್ನು ಹೇಗಾದರೂ ತುಂಬಿಕೊಳ್ಳಬೇಕಾದರೆ ಬೆಲೆ ಏರಿಸಬೇಕು, ಇಲ್ಲವೇ ತೆರಿಗೆ ಬಾಕಿ ಉಳಿಸಿಕೊಳ್ಳಬೇಕು. ಬಹಳ ಜನ ಎರಡನ್ನೂ ಮಾಡಿದ್ದಾರೆ. ದೊಡ್ಡ ಬ್ಯಾಂಕುಗಳು ಹತ್ತಿರ ಸೇರಿಸುವುದಿಲ್ಲವಾದ್ದರಿಂದ ವ್ಯಾಪಾರದ ಬಹುಪಾಲು ನಗದಿನಲ್ಲಿ ನಡೆಯುತ್ತದೆ, ತೆರಿಗೆ ಕಚೇರಿಗೂ ನೋಟಿನ ಕಟ್ಟು ಹೊತ್ತುಕೊಂಡು ಹೋಗುವವರಿದ್ದಾರೆ. ಕಳ್ಳತನದ ಭಯ, ಕಾವಲಿನ ಖರ್ಚು, ಎಲ್ಲವೂ ಕೊನೆಗೆ ಬೆಲೆಗೇ ಸೇರುತ್ತದೆ. 2024ರ ಮೇನಲ್ಲಿ ಕೇಂದ್ರದ ನ್ಯಾಯ ಇಲಾಖೆ ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ ತಂದಿತು. 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ಬೇಗ ಮುಗಿಸಿ ಅಂತ ಆದೇಶಕ್ಕೆ ಸಹಿ ಹಾಕಿದರು. ಮೂರನೇ ಪಟ್ಟಿಯ ವಸ್ತುಗಳಿಗೆ 280ಇ ಅನ್ವಯಿಸುವುದಿಲ್ಲ. ಅಂಗಡಿಗಳು ಉಸಿರಾಡಬೇಕಾದರೆ ರಾಜ್ಯದ ಶೇ 4 ಇಳಿಕೆಗಿಂತ ಇದು ದೊಡ್ಡದು.

ಈಗ ಆರೋಗ್ಯ. ಇಲ್ಲಿ ಎರಡೂ ಕಡೆಯವರು ಅರ್ಧ ಸತ್ಯ ಹೇಳುತ್ತಾರೆ. ಗಾಂಜಾ ಸುಮ್ನೆ ಗಿಡ, ಏನೂ ಆಗುವುದಿಲ್ಲ ಅನ್ನುವವರು ಈಗಿನ ಗಾಂಜಾ ನೋಡಿಲ್ಲ. ನಶೆ ಕೊಡುವ ಅಂಶ ಟಿಎಚ್‌ಸಿ. ಅಮೆರಿಕದಲ್ಲಿ ಪೊಲೀಸರು ಹಿಡಿದ ಸರಕಿನಲ್ಲಿ 1995ರಲ್ಲಿ ಇದು ಸರಾಸರಿ ಶೇ 4 ಇತ್ತು. ಇವತ್ತು ಅಂಗಡಿಯಲ್ಲಿ ಸಿಗುವ ಹೂವಿನಲ್ಲಿ ಶೇ 20 ಸಾಮಾನ್ಯ. ಹೂವಿನಿಂದ ಹಿಂಡಿ ತೆಗೆದ ಮೇಣ, ಎಣ್ಣೆ, ವೇಪ್‌ಗಳಲ್ಲಿ ಶೇ 60ರಿಂದ 90. ಇದು ಬೇರೆಯೇ ವಸ್ತು. ಯುರೋಪ್ ಮತ್ತು ಬ್ರೆಜಿಲ್‌ನ ಊರುಗಳಲ್ಲಿ ನಡೆದು 2019ರಲ್ಲಿ ದಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ತೀವ್ರತೆಯ ಗಾಂಜಾ ದಿನಾ ಸೇದುವವರಲ್ಲಿ ಮನೋವಿಕಾರ ಕಾಣಿಸಿಕೊಳ್ಳುವ ಸಾಧ್ಯತೆ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಇತ್ತು. ಸೇದುವವರಲ್ಲಿ ಹತ್ತಕ್ಕೆ ಮೂವರಿಗೆ ಒಂದಲ್ಲ ಒಂದು ಮಟ್ಟದ ಚಟದ ಸಮಸ್ಯೆ ಇದೆ ಅನ್ನುವುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜು. 2022ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದಿನಾ ಅಥವಾ ಹೆಚ್ಚುಕಮ್ಮಿ ದಿನಾ ಗಾಂಜಾ ಬಳಸುವವರು 1.77 ಕೋಟಿ. ಅಷ್ಟೇ ಬಾರಿ ಮದ್ಯ ಕುಡಿಯುವವರು 1.47 ಕೋಟಿ. ಮೊದಲ ಸಲ ಗಾಂಜಾ ಮದ್ಯವನ್ನು ದಾಟಿತು.

ಮಕ್ಕಳ ವಿಷಯ ಇನ್ನೂ ಆತಂಕದ್ದು. ಗಾಂಜಾ ಬೆರೆಸಿದ ಗಮ್ಮಿ, ಚಾಕೊಲೇಟ್ ಮನೆಯಲ್ಲಿಟ್ಟಿದ್ದನ್ನು ಮಿಠಾಯಿ ಅಂದುಕೊಂಡು ತಿಂದ ಆರು ವರ್ಷದೊಳಗಿನ ಮಕ್ಕಳ ಪ್ರಕರಣಗಳು ಅಮೆರಿಕದ ವಿಷ ಮಾಹಿತಿ ಕೇಂದ್ರಗಳಲ್ಲಿ 2017ರಲ್ಲಿ 207 ದಾಖಲಾಗಿದ್ದವು, 2021ರಲ್ಲಿ 3,054. ಇದನ್ನು ತೆರಿಗೆಯಿಂದ ತಡೆಯಲಾಗದು. ಪೊಟ್ಟಣ ಮಕ್ಕಳಿಗೆ ಬಿಚ್ಚಲಾಗದಂತೆ ಇರಬೇಕು, ನೋಡಲು ಮಿಠಾಯಿಯಂತೆ ಇರಬಾರದು.

ಇನ್ನು ಕಾನೂನು ಬಂದರೆ ಹೈಸ್ಕೂಲು ಮಕ್ಕಳೆಲ್ಲ ಹಾಳಾಗುತ್ತಾರೆ ಅಂದವರ ಭಯ ನಿಜವಾಗಲಿಲ್ಲ. ಹದಿಹರೆಯದವರ ಬಳಕೆ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಏರಿಲ್ಲ, ಕೋವಿಡ್ ನಂತರ ಇಳಿದಿದೆ. ದೀರ್ಘಕಾಲದ ನೋವಿಗೆ ಗಾಂಜಾದಿಂದ ಪ್ರಯೋಜನ ಇದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ ಅಂತ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲೇ ಹೇಳಿವೆ. ಸಣ್ಣ ಪೊಟ್ಟಣಕ್ಕೆ ಜೈಲು ಸೇರುತ್ತಿದ್ದವರು, ಅದರಲ್ಲೂ ಕಪ್ಪು ಜನರು, ಸೇರದೆ ಉಳಿದಿದ್ದಾರೆ. ಇದು ಯಾವ ತೆರಿಗೆ ಲೆಕ್ಕದಲ್ಲೂ ಬರದ ಲಾಭ. ಅದಕ್ಕೇ ನಾನು ನಿಷೇಧಕ್ಕೆ ವಾಪಸ್ ಹೋಗಿ ಅಂತ ಹೇಳುತ್ತಿಲ್ಲ.

ಅಪಾಯ ಇರುವುದು ತೀವ್ರತೆಯಲ್ಲಿ ಮತ್ತು ದಿನಾ ಬಳಸುವುದರಲ್ಲಿ. ಈಗ ಶೇ 15 ತೆರಿಗೆ ಈ ಎರಡರ ಮೇಲೆ ಹೇಗೆ ಬೀಳುತ್ತದೆ ನೋಡಿ. ಸುಮ್ನೆ ಉದಾಹರಣೆಗೆ ತೆಗೆದುಕೊಳ್ಳೋಣ. ಶೇ 20 ಟಿಎಚ್‌ಸಿ ಇರುವ 3.5 ಗ್ರಾಂ ಹೂವಿನಲ್ಲಿ 700 ಮಿಲಿಗ್ರಾಂ ನಶೆ ಅಂಶ. ಬೆಲೆ 30 ಡಾಲರ್ ಅಂದರೆ ತೆರಿಗೆ 4.50. ಶೇ 80 ಇರುವ ಒಂದು ಗ್ರಾಂ ಮೇಣದಲ್ಲಿ 800 ಮಿಲಿಗ್ರಾಂ. ಅದರ ಬೆಲೆ 20 ಡಾಲರ್ ಇದ್ದರೆ ತೆರಿಗೆ 3. ಹೆಚ್ಚು ನಶೆ, ಕಡಿಮೆ ತೆರಿಗೆ. ಮೇಣ, ಎಣ್ಣೆಗಳನ್ನು ಎಂಥ ಹೂವು, ಕಸ ಕಡ್ಡಿಯಿಂದಲೂ ಯಂತ್ರದಲ್ಲಿ ತೆಗೆಯಬಹುದು, ಹಾಗಾಗಿ ಮಿಲಿಗ್ರಾಂ ಲೆಕ್ಕದಲ್ಲಿ ಅವೇ ಅಗ್ಗ. ಅಗ್ಗದ ನಶೆ ಹುಡುಕುವವನಿಗೆ ಸರ್ಕಾರವೇ ದಾರಿ ತೋರಿಸಿದಂತೆ ಆಗುತ್ತದೆ. ತೂಕದ ತೆರಿಗೆ ಇದ್ದಾಗಲೂ ಇದೇ ಕಥೆ. ತೂಕಕ್ಕೆ ತೆರಿಗೆ ಅಂದಮೇಲೆ ಅದೇ ತೂಕದಲ್ಲಿ ಹೆಚ್ಚು ನಶೆ ತುಂಬುವುದೇ ಬೆಳೆಗಾರನಿಗೆ ಲಾಭ.

ಇದು ನನ್ನೊಬ್ಬನ ತಲೆಯಲ್ಲಿ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯಾ ಶಾಸನಸಭೆಯ ಸ್ವಂತ ಹಣಕಾಸು ವಿಶ್ಲೇಷಕರ ಕಚೇರಿ 2019ರ ಡಿಸೆಂಬರ್‌ನಲ್ಲೇ ವರದಿ ಕೊಟ್ಟು, ಈಗಿನ ತೆರಿಗೆಗಳನ್ನು ಬಿಟ್ಟು ತೀವ್ರತೆ ಆಧರಿಸಿದ ತೆರಿಗೆಗೆ ಹೋಗಿ, ಇಲ್ಲವೇ ಬಗೆ ಬಗೆಯ ಸರಕಿಗೆ ಬೇರೆ ಬೇರೆ ದರ ಇಡಿ ಅಂತ ಹೇಳಿತ್ತು. ಯಾರೂ ಕಿವಿಗೊಡಲಿಲ್ಲ.

ಇಲಿನಾಯ್ ರಾಜ್ಯ ಇದೇ ದಾರಿ ಹಿಡಿದಿತ್ತು. 2020ರಲ್ಲಿ ಮಾರಾಟ ಶುರುವಾದಾಗಿನಿಂದ ಅಲ್ಲಿ ಶೇ 35ರವರೆಗೆ ಟಿಎಚ್‌ಸಿ ಇದ್ದರೆ ಶೇ 10 ತೆರಿಗೆ, ಅದಕ್ಕಿಂತ ಜಾಸ್ತಿ ಇದ್ದರೆ ಶೇ 25, ತಿನ್ನುವ ಸರಕಿಗೆ ಶೇ 20. ಹೂವು ಶೇ 35 ದಾಟುವುದು ಅಪರೂಪ, ಹಾಗಾಗಿ ಹೂವಿಗೆ ಒಂದು ದರ, ಮೇಣಕ್ಕೆ ಇನ್ನೊಂದು ದರ ಅಂತಲೇ ಆಯಿತು. ಒರಟು ಲೆಕ್ಕ ನಿಜ, ಆದರೆ ಕೆಲಸ ಮಾಡುವ ಲೆಕ್ಕ. ಕನೆಕ್ಟಿಕಟ್ ಇನ್ನೂ ಮುಂದೆ ಹೋಗಿ ನೇರ ಮಿಲಿಗ್ರಾಂಗೆ ಇಷ್ಟು ಸೆಂಟ್ ಅಂತ ಇಟ್ಟಿತು. ನ್ಯೂಯಾರ್ಕ್ ಕೂಡ ಹಾಗೇ ಶುರುಮಾಡಿ, ಲೆಕ್ಕ ಇಡುವುದು ಕಷ್ಟ, ಕಾಳಸಂತೆ ಜೊತೆ ಪೈಪೋಟಿ ಮಾಡಲಾಗುತ್ತಿಲ್ಲ ಅಂತ ವ್ಯಾಪಾರಿಗಳು ಕೂಗಿದ ಮೇಲೆ, 2024ರ ಜೂನ್‌ನಲ್ಲಿ ಬಿಟ್ಟು ಸಗಟು ಬೆಲೆಯ ಮೇಲೆ ಶೇ 9ಕ್ಕೆ ಬಂತು.

ನ್ಯೂಯಾರ್ಕ್‌ನ ದೂರು ಸುಳ್ಳಲ್ಲ. ಹೂವಿನ ಟಿಎಚ್‌ಸಿ ಅಳೆಯುವುದು ಬಾಟಲಿಯ ಮದ್ಯ ಅಳೆದಷ್ಟು ಸುಲಭ ಅಲ್ಲ. ಒಂದೇ ಗಿಡದ ಮೇಲಿನ ಹೂವಿಗೂ ಕೆಳಗಿನ ಹೂವಿಗೂ ವ್ಯತ್ಯಾಸ. ಕ್ಯಾಲಿಫೋರ್ನಿಯಾದಲ್ಲಿ ಈಗ ಲ್ಯಾಬ್‌ಗಳು ಗಿರಾಕಿ ಉಳಿಸಿಕೊಳ್ಳಲು ಟಿಎಚ್‌ಸಿ ಇರುವುದಕ್ಕಿಂತ ಜಾಸ್ತಿ ಬರೆದುಕೊಡುತ್ತವೆ ಅನ್ನುವ ದೂರು ಹಳೆಯದು, ಯಾಕೆಂದರೆ ಚೀಟಿಯ ಮೇಲೆ ದೊಡ್ಡ ಸಂಖ್ಯೆ ಇದ್ದರೆ ಒಳ್ಳೆಯ ಬೆಲೆ. ತೀವ್ರತೆಗೆ ತೆರಿಗೆ ಹಾಕಿದರೆ ಅದೇ ಲ್ಯಾಬ್ ಕಡಿಮೆ ಬರೆದುಕೊಡಬಹುದು. ಹಾಗಾಗಿ ಮೊದಲು ಲ್ಯಾಬ್‌ನ ಸಂಬಳ ಬೆಳೆಗಾರನ ಕೈಯಿಂದ ಬರುವುದು ನಿಲ್ಲಬೇಕು. ತೆರಿಗೆ ಹಣದಲ್ಲೇ ಸರ್ಕಾರ ಲ್ಯಾಬ್ ನಡೆಸಬೇಕು, ಅಥವಾ ಯಾವ ಮಾದರಿ ಯಾವ ಲ್ಯಾಬ್‌ಗೆ ಅಂತ ತಾನೇ ಹಂಚಬೇಕು. ಹೂವಿಗೆ ಇಲಿನಾಯ್ ಥರ ಹಂತದ ದರ, ಮೇಣ ಎಣ್ಣೆಗಳಿಗೆ ಮಿಲಿಗ್ರಾಂ ದರ ಇಟ್ಟರೆ ಅಳತೆಯ ತಲೆನೋವು ಅರ್ಧ ಕಡಿಮೆ, ಯಾಕೆಂದರೆ ಎಣ್ಣೆಯನ್ನು ಕಲಸಿ ಅಳೆಯುವುದು ಸುಲಭ.

ದರ ಎಷ್ಟಿರಬೇಕು? ಶುರುವಿನಲ್ಲಿ ಕಡಿಮೆ. ಕಾಳಸಂತೆ ಸೊರಗಿದ ಮೇಲೆ ನಿಧಾನವಾಗಿ ಏರಿಸಬೇಕು. ಗಡಿಯಾಚೆ ಅಗ್ಗವಾಗಿದ್ದರೆ ಜನ ಕಾರು ಹತ್ತುತ್ತಾರೆ. ಇಲಿನಾಯ್‌ನವರು ಮಿಷಿಗನ್‌ಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಮಿಷಿಗನ್ 2026ರ ಜನವರಿಯಿಂದ ರಸ್ತೆ ದುರಸ್ತಿಗಾಗಿ ಸಗಟು ಗಾಂಜಾಕ್ಕೆ ಶೇ 24 ತೆರಿಗೆ ಹಾಕಿದೆ. ಮತ್ತೆ ಅದೇ ತಪ್ಪು, ಮತ್ತೆ ಬೆಲೆಯ ಮೇಲೆ, ಮತ್ತೆ ಸಂಬಂಧವೇ ಇಲ್ಲದ ಖರ್ಚಿಗೆ. ಗಡಿಯ ಕಥೆ ನಮಗೂ ಗೊತ್ತು. ಕರ್ನಾಟಕ ಸರ್ಕಾರ 2023ರ ಜುಲೈ ಬಜೆಟ್‌ನಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20 ಏರಿಸಿತು. ದುಬಾರಿ ಬ್ರಾಂಡುಗಳು ನೆರೆ ರಾಜ್ಯಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದವು. 2024ರ ಆಗಸ್ಟ್‌ನಲ್ಲಿ ಸರ್ಕಾರವೇ ಅವುಗಳ ಬೆಲೆ ಇಳಿಸಬೇಕಾಯಿತು.

ಗಾಂಜಾ ತೆರಿಗೆಯೂ ನಮಗೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಗಾಂಜಾ, ಚರಸ್, ಭಂಗಿ ಎಲ್ಲಕ್ಕೂ ಅಬಕಾರಿ ಇತ್ತು. ನಿಷೇಧಿಸಬೇಕೋ ಬೇಡವೋ ಅಂತ ನೋಡಲು 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಿಸಿದರು. ಸಾವಿರಕ್ಕೂ ಮೀರಿ ಸಾಕ್ಷಿಗಳನ್ನು ಕೇಳಿ, 1894ರಲ್ಲಿ ಮೂರು ಸಾವಿರ ಪುಟ ಮೀರಿದ ವರದಿ ಕೊಟ್ಟರು. ಮಿತವಾಗಿ ಬಳಸಿದರೆ ಹೆಚ್ಚು ಹಾನಿ ಇಲ್ಲ, ಅತಿಯಾದರೆ ಹಾನಿ. ನಿಷೇಧಿಸಿದರೆ ಜನ ಇನ್ನೂ ಕೆಟ್ಟದ್ದಕ್ಕೆ ಹೋಗಬಹುದು. ಅದರ ಬದಲು ಲೈಸೆನ್ಸ್ ಕೊಟ್ಟು, ಬೆಳೆ ಎಲ್ಲಿ ಬೆಳೆಯಬೇಕು ಅಂತ ನಿಗದಿ ಮಾಡಿ, ಕಳ್ಳ ಸಾಗಣೆಗೆ ದಾರಿಯಾಗದಷ್ಟು ತೆರಿಗೆ ಹಾಕಿ. ವರದಿಯ ತಿರುಳು ಇಷ್ಟೇ. ಕ್ಯಾಲಿಫೋರ್ನಿಯಾದವರು ಈಗ ತಡಕಾಡುತ್ತಿರುವ ಮಾತು ನೂರ ಮೂವತ್ತು ವರ್ಷದ ಹಿಂದೆ ಇಲ್ಲಿ ಬರೆದಾಗಿತ್ತು. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ ಹೂವನ್ನು ನಿಷೇಧಿಸಿತು, ಎಲೆ ಮತ್ತು ಬೀಜವನ್ನು ಬಿಟ್ಟಿತು. ಅದಕ್ಕೇ ಉತ್ತರದ ಕೆಲವು ರಾಜ್ಯಗಳಲ್ಲಿ ಭಂಗಿ ಇವತ್ತಿಗೂ ಸರ್ಕಾರಿ ಲೈಸೆನ್ಸಿನಲ್ಲಿ ಮಾರಾಟವಾಗುತ್ತದೆ. ಹಿಮಾಚಲದ ವಿಧಾನಸಭೆ 2024ರಲ್ಲಿ ಔಷಧಿ ಮತ್ತು ಕೈಗಾರಿಕೆಗಾಗಿ ಬೆಳೆಯಲು ಬಿಡಬೇಕು ಅನ್ನುವ ವರದಿಯನ್ನು ಒಪ್ಪಿದೆ. ಖಜಾನೆಗೆ ಎಷ್ಟು ಬರುತ್ತದೆ ಅನ್ನುವ ಲೆಕ್ಕ ಅಲ್ಲೂ ಶುರುವಾಗಿದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು, ಇದು ತುಂಬಾ ಮುಖ್ಯ. ಬೇ ಏರಿಯಾದಲ್ಲೋ ಲಾಸ್ ಏಂಜಲೀಸ್‌ನಲ್ಲೋ ಅಂಗಡಿಯಲ್ಲಿ ತೆರಿಗೆ ಕಟ್ಟಿ ರಸೀದಿ ತೆಗೆದುಕೊಂಡಿರಿ ಅಂದ ಮಾತ್ರಕ್ಕೆ ಕೇಂದ್ರದ ವಲಸೆ ಕಾನೂನಿನಿಂದ ರಕ್ಷಣೆ ಸಿಗುವುದಿಲ್ಲ. ಎಚ್1ಬಿ ವೀಸಾದಲ್ಲಿರುವವರು, ಗ್ರೀನ್ ಕಾರ್ಡ್ ಇರುವವರು ಗಾಂಜಾ ಬಳಸಿದ್ದೇನೆ ಅಂತ ಒಪ್ಪಿಕೊಂಡರೂ ತೊಂದರೆ ಆಗಬಹುದು. ಗಾಂಜಾ ಕಂಪನಿಯಲ್ಲಿ ಕೆಲಸ ಮಾಡಿದರೂ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಅಂತ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಬರೆದೇ ಹೇಳಿದೆ, ರಾಜ್ಯದಲ್ಲಿ ಅದು ಕಾನೂನುಬದ್ಧವಾಗಿದ್ದರೂ ಸಹ. ಮಕ್ಕಳನ್ನು ಓದಲು ಕಳಿಸಿದವರು ಅವರಿಗೆ ಇದನ್ನು ಬಿಡಿಸಿ ಹೇಳಿ.

ಕ್ಯಾಲಿಫೋರ್ನಿಯಾಗೆ ಈಗ 2028ರ ಜೂನ್ ತನಕ ಸಮಯ ಇದೆ. ಅಷ್ಟರಲ್ಲಿ ಶೇ 15 ಮುಂದುವರಿಯಬೇಕೋ ಶೇ 19ಕ್ಕೆ ವಾಪಸ್ ಹೋಗಬೇಕೋ ಅಂತ ಮತ್ತೆ ಅದೇ ಜನ ಅದೇ ಸಭೆಗಳಲ್ಲಿ ಕೂತು ಹಗ್ಗ ಎಳೆಯುತ್ತಾರೆ. ಈ ಸಲವಾದರೂ 2019ರ ಆ ವರದಿಯನ್ನು ಮೇಜಿನ ಮೇಲಿಟ್ಟುಕೊಂಡು ಮಾತಾಡಲಿ. ತೆರಿಗೆಯನ್ನು ಟಿಎಚ್‌ಸಿಗೆ ಬದಲಾಯಿಸಿ, ತೆರಿಗೆಯ ಮೇಲೆ ತೆರಿಗೆ ಹಾಕುವುದನ್ನು ನಿಲ್ಲಿಸಿ, ಮಕ್ಕಳ ಪಾಲನೆಯ ಹಣವನ್ನು ಈ ಖಾತೆಯಿಂದ ಬಿಡಿಸಿದರೆ ದರದ ಜಗಳ ಬಹುಪಾಲು ತಾನಾಗೇ ಚಿಕ್ಕದಾಗುತ್ತದೆ. ಹಂಬೋಲ್ಟ್‌ನಲ್ಲಿ ಇನ್ನೂ ಉಳಿದಿರುವ ಸಣ್ಣ ಬೆಳೆಗಾರರು ಬೆಳೆಯುವುದು ಬಿಸಿಲಲ್ಲಿ ಬೆಳೆದ ಹೂವು, ಎಣ್ಣೆಯಲ್ಲ. ಅವರಿಗೂ ಅದರಿಂದ ಅನುಕೂಲವೇ.